ಅಜ್ಜಿಯ ಏಟು

ಮೊದಲ ಏಟು ಬೆನ್ನಿಗೆ ಬಿದ್ದಾಗ ಷೆನ್ ಬಾಗಿ ಕೈಮುಗಿದು, "ದೊಡ್ಡ ಉಪಕಾರವಾಯಿತು, ಚಿಕ್ಕಮ್ಮನವರೇ" ಎಂದ. ಕೋಲು ಹಿಡಿದು ಸುತ್ತ ನಿಂತಿದ್ದ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಮದುವೆಯ ಸಂಜೆ ಹೆಣ್ಣಿನ ಕಡೆಯ ಹೆಂಗಸರು ಅಳಿಯನನ್ನು ಬಡಿಯುವುದು ಉತ್ತರ ರಾಜ್ಯದ ಯೆ ಎಂಬ ಪಟ್ಟಣದಲ್ಲಿ ಹೊಸದೇನಲ್ಲ. ಅಳಿಯಂದಿರು ಕಿರುಚುತ್ತಾರೆ, ಓಡುತ್ತಾರೆ, ಕೆಲವರು ಬೈಯುತ್ತಾರೆ. ಉಪಕಾರ ಸ್ಮರಿಸಿದವನು ಇವನೊಬ್ಬನೇ.

"ಇವ್ರಿಗೆ ತಾಗ್ತಾನೇ ಇಲ್ಲ ಕಣ್ರೇ," ಎಂದು ಹೆಣ್ಣಿನ ಚಿಕ್ಕಮ್ಮ ಅವನ ನಿಲುವಂಗಿಯ ಅಗಲ ತೋಳನ್ನು ಹಿಡಿದೆಳೆದಳು. "ಈ ತೋಳೊಳಗೆ ಎರಡು ಕುರಿ ಕಟ್ಟಿ ಹಾಕ್ಬೋದು. ನಿಮ್ಮ ದಕ್ಷಿಣದಲ್ಲಿ ಬಟ್ಟೆ ಅಷ್ಟು ಅಗ್ಗವಾ, ಅಳಿಯಂದ್ರೇ?"

"ತಾವು ಹೇಳಿದ ಮೇಲೆ ಹಾಗೇ ಇರ್ಬೇಕು," ಎಂದ ಷೆನ್. ಅದಕ್ಕೂ ಒಂದು ಬಿತ್ತು.

ನದಿಯಾಚೆಯ ದಕ್ಷಿಣ ರಾಜ್ಯದಲ್ಲಿ ದಂಗೆಯೆದ್ದು ಮನೆಮಠ ಸುಟ್ಟುಹೋದ ಮೇಲೆ ಷೆನ್ ಉತ್ತರಕ್ಕೆ ಓಡಿಬಂದಿದ್ದ. ಇಲ್ಲಿನ ವಿಹಾರಗಳ ಗೋಡೆಗೆ ಬುದ್ಧನ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. ದೀಪ ಹಚ್ಚಲು ಬಂದ ಹೆಲಾನ್ ಮನೆತನದ ಯುಹುವಾ, ಅವನ ಬುದ್ಧನ ಮೂಗು ಸೊಟ್ಟಗಿದೆ ಎಂದಳು. ಅವನು ತಕರಾರಿಲ್ಲದೆ ಅಳಿಸಿ ಮತ್ತೆ ಬರೆದ. ಮರುದಿನ ಅವಳು ಬಂದು ಕಿವಿಯಲ್ಲಿ ತಪ್ಪು ಹುಡುಕಿದಳು. ಹಾಗೆ ಬೆಳೆದ ಮಾತು ಈಗ ಅಂಗಳದ ನೀಲಿ ಗುಡಾರದವರೆಗೆ ಬಂದಿತ್ತು. ಗುಡಾರದೊಳಗೆ ಯುಹುವಾ ಕಾದು ಕೂತಿದ್ದಳು. ಆದರೆ ಮನೆಯ ಹಿರಿಯ ಹೆಂಗಸಿನ ಏಟು ಬೀಳದೆ ಗುಡಾರದ ಪರದೆ ಏಳುವಂತಿಲ್ಲ.

"ಅತ್ತೆ, ಇನ್ನು ನಿಮ್ಮದೇ ಬಾಕಿ," ಎಂದಳು ಚಿಕ್ಕಮ್ಮ.

ಯುಹುವಾಳ ಅಜ್ಜಿ ಕೂತಲ್ಲಿಂದ ಏಳಲಿಲ್ಲ. ಕೋಲು ತೊಡೆಯ ಮೇಲೆ ಹಾಗೇ ಇತ್ತು. "ನಾನು ಹೊಡೆಯಲ್ಲ. ಮನೆಯವರನ್ನ ಹೊಡಿತೀವಿ. ಅತಿಥಿಗಳನ್ನ ಹೊಡೆಯೋ ಪದ್ಧತಿ ನಮ್ಮಲ್ಲಿಲ್ಲ. ಈತನಿಗೆ ಊಟ ಹಾಕಿ ಕಳಿಸಿ."

ಅಂಗಳದ ನಗು ನಿಂತಿತು. ಯುಹುವಾಳ ಅಪ್ಪ ಕುದುರೆ ದಳದ ನಾಯಕ, ಅವನ ದನಿಗೆ ದಂಡೇ ನಡುಗುತ್ತದೆ. ತಾಯಿಯ ಮಾತು ಕೇಳಿದ್ದೇ ತಡ, ಕುದುರೆಗೆ ನೀರು ತೋರಿಸುವ ನೆಪದಲ್ಲಿ ಅವನು ಎದ್ದು ಹೋದ. ಷೆನ್‌ನ ಮುಖ ಬಿಳಿಚಿಕೊಂಡಿತು. ಮನೆ ಕಳೆದುಕೊಂಡವನಿಗೆ ಇನ್ನೊಂದು ಮನೆ ಬಾಗಿಲವರೆಗೆ ಬಂದು ತಪ್ಪಿಹೋಗುವುದೆಂದರೆ ಸಣ್ಣ ಮಾತಲ್ಲ.

"ನನ್ನಿಂದೇನು ತಪ್ಪಾಯ್ತು, ಅಜ್ಜಿಯವರೇ?"

"ತಪ್ಪೇ ಮಾಡಿಲ್ವಲ್ಲಪ್ಪ, ಅದೇ ತೊಂದರೆ. ಹೋದ ಚಳಿಗಾಲದಿಂದ ಬರ್ತಿದ್ದೀಯ. ಮಾಂಸ ಸೀದಿದ್ರೂ ಸೊಗಸಾಗಿದೆ ಅಂತೀಯ. ನಾನು ಹಾಡಿದ್ರೆ ಇನ್ನೊಂದು ಹಾಡಿ ಅಂತೀಯ. ನನ್ನ ಹೆತ್ತ ಮಗನೇ ಇವತ್ತಿಗೂ ನನ್ನ ಹಾಡು ಇನ್ನೊಂದು ಕೇಳಿದವನಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದವನಿಗೆ ಮೊಮ್ಮಗಳನ್ನ ಹೇಗೆ ಕೊಡ್ಲಿ?" ಅಜ್ಜಿ ಸೊಸೆಯ ಕಡೆ ತಿರುಗಿದಳು. "ಒಂದು ಬಟ್ಟಲು ಮೊಸರು ತಾ."

ಕುರಿಹಾಲಿನ ಮೊಸರು ಬಂತು. ಹುಳಿಯಾಗಿ, ಮೇಲೆ ಹಳದಿ ಕೆನೆಗಟ್ಟಿತ್ತು. ಬಟ್ಟಲು ಷೆನ್‌ನ ಕೈಗೆ ಬಂದ ತಕ್ಷಣ ಅಜ್ಜಿಯ ಕಾಲಬಳಿ ಮಲಗಿದ್ದ ನಾಯಿ ಎದ್ದು ಮೈಮುರಿದು, ನೇರ ಬಂದು ಅವನ ಮರದ ಪಾದುಕೆಗಳ ಪಕ್ಕ ಕೂತು ಬಾಲ ಅಲ್ಲಾಡಿಸತೊಡಗಿತು.

"ಪಾಪ, ಅದಕ್ಕೆ ಅಭ್ಯಾಸ ಆಗಿದೆ," ಎಂದಳು ಅಜ್ಜಿ. "ನೀನು ಬರೋಕೆ ಶುರು ಮಾಡಿದ ಮೇಲೆ ದಾಳಿಂಬೆ ಗಿಡದ ಹಿಂದೆ ನಿನ್ನ ಬಟ್ಟಲು ನೆಕ್ಕಿ ನೆಕ್ಕಿ ದುಂಡಗಾಗಿದೆ. ಇವತ್ತು ನನ್ನೆದುರಿಗೇ ಕುಡಿ. ಕುಡಿದು ಹೇಗಿದೆ ಹೇಳು."

ಷೆನ್‌ನ ಕಿವಿ ಕೆಂಪಾಯಿತು. ಕಣ್ಣು ಮುಚ್ಚಿ ಅಷ್ಟನ್ನೂ ಗಂಟಲಿಗೆ ಸುರಿದುಕೊಂಡ. ಹೊಟ್ಟೆಯೊಳಗೆ ಹೋದದ್ದು ಅಲ್ಲೇ ನಿಲ್ಲಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಂತಿತ್ತು. "ಬಹಳ ಸೊಗ..." ಎಂದವನು ಅಷ್ಟಕ್ಕೇ ನಿಂತ. ನೀಲಿ ಪರದೆಯ ಕಡೆ ನೋಡಿದ. ಹುಟ್ಟಿನಿಂದ ಕಲಿತ ಮರ್ಯಾದೆಯನ್ನೆಲ್ಲ ಆ ಗಳಿಗೆಯಲ್ಲಿ ಅವನು ಕಷ್ಟಪಟ್ಟು ಪಕ್ಕಕ್ಕಿಡಬೇಕಾಯಿತು.

"ಅಜ್ಜಿ, ಸುಳ್ಳು ಹೇಳಲಾರೆ. ನೆಂದ ಕಂಬಳಿ ಹಿಂಡಿಕೊಂಡು ಕುಡಿದ ಹಾಗಿದೆ. ಇದನ್ನ ಮನುಷ್ಯರು ಯಾಕೆ ಕುಡಿತಾರೆ ಅಂತಾನೇ ನನಗೆ ತಿಳಿದಿಲ್ಲ. ನಿಮ್ಮ ಹಾಡೂ ಅಷ್ಟೇ."

ಚಿಕ್ಕಮ್ಮ ನಗು ತಡೆಯಲು ತನ್ನ ನಡುಪಟ್ಟಿಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅಜ್ಜಿ ನಿಧಾನವಾಗಿ ಎದ್ದಳು. ಹತ್ತಿರ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮರುಕ್ಷಣ ಕೋಲು ಬೀಸಿದ ಸದ್ದು ಕುದುರೆ ಲಾಯದವರೆಗೂ ಕೇಳಿಸಿತು.

"ಅಯ್ಯಯ್ಯೋ ಸತ್ತೆ," ಎಂದು ಷೆನ್ ಹಾರಿದ.

"ನನ್ನ ಮೊಸರು ಕಂಬಳಿನಾ? ಚಹಾ ಅಂತ ಎಲೆ ಬೇಯಿಸಿದ ನೀರು ಕುಡಿಯೋನೇ, ನಿನ್ನ ನಾಲಿಗೆಗೇನೋ ಗೊತ್ತು ರುಚಿ?" ಅಜ್ಜಿ ಇನ್ನೊಂದು ಬಿಟ್ಟಳು. ಅವನು ಅಗಲ ತೋಳುಗಳನ್ನು ಮೇಲೆತ್ತಿಕೊಂಡು, ಪಾದುಕೆ ಟಪಟಪ ಬಡಿಯುತ್ತ, ಬಾಯಿಗೆ ಬಂದದ್ದು ಒದರುತ್ತ ಗುಡಾರದ ಸುತ್ತ ಓಡಿದ. ಅಜ್ಜಿ ಹಿಂದೆ, ನಾಯಿ ಅಜ್ಜಿಯ ಹಿಂದೆ. ಲಾಯದಿಂದ ಇಣುಕಿದ ಮಾವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ತಾಯಿ ಇಷ್ಟು ಆಸೆಯಿಂದ ಹೊಡೆದದ್ದನ್ನು ಅವನು ತನ್ನ ಬಾಲ್ಯದ ನಂತರ ಕಂಡಿರಲಿಲ್ಲ.

ಮೂರನೆಯ ಸುತ್ತಿಗೆ ಅಜ್ಜಿ ಏದುಸಿರು ಬಿಡುತ್ತ ನಿಂತಳು. ನೀಲಿ ಪರದೆ ಸರಿಯಿತು. ಒಳಗಿಂದ ಮೊದಲು ಹೊರಬಂದದ್ದು ಯುಹುವಾಳ ಬಳೆ ತೊಟ್ಟ ಕೈ.

"ಕೋಲು ಇಲ್ಲಿ ಕೊಡಿ ಅಜ್ಜಿ," ಎಂದಳು ಅವಳು. "ನನ್ನ ಅಡಿಗೆ ಬಗ್ಗೆ ಇನ್ನೂ ಕೇಳ್ಬೇಕು."