ಮೆತ್ತಗಿನ ದನಿ

“ಬಲವಂತ ಮಾಡಿದ್ರಾ?”

“ಇಲ್ಲ.” ಬಾಯಿಗೆ ಬಟ್ಟೆ ಒತ್ತಿಕೊಂಡಂತಿತ್ತು ಆ ಕಡೆಯ ಪಿಸುದನಿ. “ನನಗೂ ಬೇಕಿತ್ತು.”

ಸಲಹೆಗಾರ್ತಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಹಿಳಾ ಸಹಾಯವಾಣಿಯ ಆ ಕೋಣೆಯಲ್ಲಿ ಎರಡು ಮೇಜು, ಎರಡು ಫೋನು. ಜೊತೆಯವಳು ಈ ವಾರ ರಜೆ. ಬರುವ ಕರೆಗಳೆಲ್ಲ ಇವಳ ಪಾಲಿಗೇ. ಕರೆ ಮಾಡಿದವರ ನಂಬರು ಕಾಣುವುದಿಲ್ಲ. ಹೆಸರು ಕೇಳುವಂತಿಲ್ಲ.

“ಯಾವಾಗ ಆಗಿದ್ದು?”

“ಮೊನ್ನೆ ಮಧ್ಯಾಹ್ನ. ಏನೂ ಬಳಸಿರಲಿಲ್ಲ. ಹೀಗಾಗುತ್ತೆ ಅಂತ ಅಂದುಕೊಂಡೇ ಇರಲಿಲ್ಲ.”

“ವಯಸ್ಸು?”

“ಅದನ್ನ ಹೇಳಲೇಬೇಕಾ?”

“ಬೇಡ ಬಿಡಿ.”

“ನನಗೆ ತಿಂಗಳು ತಿಂಗಳು ಸರಿಯಾಗಿ ಆಗಲ್ಲ ಮೇಡಂ. ಒಮ್ಮೊಮ್ಮೆ ಎರಡು ತಿಂಗಳಾದ್ರೂ ಇಲ್ಲ. ಹಾಗಿದ್ರೂ ನಿಲ್ಲುತ್ತಾ?”

“ನಿಲ್ಲಬಹುದು. ಮುಟ್ಟು ಏರುಪೇರಾದ್ರೆ ಭಯ ಇಲ್ಲ ಅಂತಲ್ಲ. ಯಾವ ದಿನ ಅಪಾಯ, ಯಾವ ದಿನ ಅಲ್ಲ ಅಂತ ಹೇಳೋದೇ ಕಷ್ಟ ಆಗುತ್ತೆ, ಅಷ್ಟೆ. ಆದ್ರೆ ಕಾಲ ಮಿಂಚಿಲ್ಲ. ತುರ್ತು ಮಾತ್ರೆ ಅಂತ ಬರುತ್ತೆ, ಮೂರು ದಿನದೊಳಗೆ ತಗೋಬೇಕು. ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು. ಅದಕ್ಕಿಂತ ಗಟ್ಟಿ ದಾರಿ ಕಾಪರ್-ಟಿ. ಐದು ದಿನದೊಳಗೆ ಡಾಕ್ಟರು ಹಾಕ್ತಾರೆ. ಮುಂದಕ್ಕೂ ಕಾಯುತ್ತೆ.”

“ಮಾತ್ರೆ ನುಂಗಿದ್ರೆ ಒಳಗಿರೋದು ಹೋಗಿಬಿಡುತ್ತಾ?”

“ಇಲ್ಲಮ್ಮ, ಅದು ಗರ್ಭ ಇಳಿಸೋ ಮಾತ್ರೆ ಅಲ್ಲ. ನಿಲ್ಲದ ಹಾಗೆ ತಡೆಯುತ್ತೆ. ಅದೂ ನೂರಕ್ಕೆ ನೂರು ಅಲ್ಲ. ಮೂರು ವಾರ ಬಿಟ್ಟು ಒಂದು ಸಲ ಪರೀಕ್ಷೆ ಮಾಡ್ಕೊಳ್ಳಿ.” ಅವಳು ಇನ್ನಷ್ಟು ದನಿ ತಗ್ಗಿಸಿದಳು. “ಹೇಳ್ಕೊಳ್ಳೋಕೆ ಯಾರಾದ್ರೂ ಇದ್ದಾರಾ?”

“ಮನೇಲಿ ಜನ ಇದ್ದಾರೆ. ಹೇಳ್ಕೊಳ್ಳೋಕೆ ಯಾರೂ ಇಲ್ಲ.” ಆಮೇಲೆ ಆ ದನಿ ಕೇಳಿತು: “ನಾನು ಮಾಡಿದ್ದು ತಪ್ಪಾ ಮೇಡಂ?”

“ತಪ್ಪಲ್ಲ. ನಿಮಗೂ ಮನಸ್ಸಿದೆ, ಮೈ ಇದೆ. ಅದಕ್ಕೆ ನಿಮ್ಮನ್ನ ನೀವೇ ಹಳಿದುಕೊಳ್ಳಬೇಡಿ.”

ಆ ಕಡೆ ಬಿಕ್ಕು ಕೇಳಿಸಿತು. ಬಿಕ್ಕಿನ ಹಿಂದೆ ಪಿಟೀಲು. ಒಂದು ತುಣುಕು ಏರುತ್ತ ಹೋಗಿ, ಒಂದೇ ಸ್ವರದಲ್ಲಿ ಕೀರಲಿಟ್ಟು ನಿಂತಿತು. ಮತ್ತೆ ಮೊದಲಿನಿಂದ ಶುರುವಾಗಿ ಅಲ್ಲೇ ಕೀರಲಿಟ್ಟಿತು.

ಸಲಹೆಗಾರ್ತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವಳ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಆರು ತಿಂಗಳಿಂದ ಆ ಸ್ವರವನ್ನು ದಾಟಲು ಹೆಣಗುತ್ತಿದ್ದರು.

ಅವಳು ಏನಾದರೂ ಹೇಳುವಷ್ಟರಲ್ಲಿ ಕರೆ ಕಡಿದಿತ್ತು.

ಸಲಹೆಗಾರ್ತಿಯದು ಮೂವರು ಹೆಂಗಸರ ಮನೆ. ಈ ಹೊತ್ತಿನಲ್ಲಿ ಅಕ್ಕನನ್ನು ಬಿಟ್ಟರೆ ಮಗಳೊಬ್ಬಳೇ ಇರುತ್ತಾಳೆ, ಪರೀಕ್ಷೆಗೆ ಓದಿಕೊಳ್ಳುತ್ತ. ಮೊನ್ನೆ ಮಧ್ಯಾಹ್ನ ಗೆಳತಿಯ ಮನೆಯಲ್ಲಿ ಓದಲೆಂದು ಹೊರಟಿದ್ದಳು. ಹೊಲಿದ ಪರದೆ ಕೊಡಲು ಹೋಗುತ್ತಿದ್ದ ಅಕ್ಕನೇ ಅವಳನ್ನು ದಾರಿಯಲ್ಲಿ ಬಿಟ್ಟಿದ್ದಳು. ಹಿಂದಿರುಗುವಾಗ ಮಗಳ ಮುಖದಲ್ಲೊಂದು ಹೊಳಪಿತ್ತು. ಹುಡುಗಿ ಪಾಠ ಚೆನ್ನಾಗಿ ಓದಿದಳೆಂದು ಇವಳು ಬೀಗಿದ್ದಳು!

ಕರೆ ಮಾಡಿದವರ ಬೆನ್ನು ಹತ್ತಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ಅದನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ಇವಳು. ತಲೆನೋವೆಂದು ಹೇಳಿ ಎದ್ದಳು.

ಔಷಧದಂಗಡಿಯವನು ಪೊಟ್ಟಣ ಸುತ್ತುತ್ತ ಅವಳ ನರೆಗೂದಲನ್ನೊಮ್ಮೆ ನೋಡಿದ.

“ಮಗಳಿಗೆ,” ಎಂದಳು, ಅವನು ಕೇಳದಿದ್ದರೂ.

ಮನೆಯ ಹೊರಗಿನ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಗಂಡ ತೀರಿಹೋದ ಮೇಲೆ ಈ ಮನೆಗೆ ಬಂದವಳು. ಮಗಳನ್ನು ಎತ್ತಿ ಆಡಿಸಿದ್ದು, ಜಡೆ ಹೆಣೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ.

“ಇಷ್ಟು ಬೇಗ ಬಂದ್ಯಾ?” ಎಂದು ಅಕ್ಕ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. ಸಣ್ಣ ದಾರ ಪೋಣಿಸಿ ಪೋಣಿಸಿ ಹಾಗಾಗುವುದು ಹೊಸತೇನಲ್ಲ.

“ಒಂದು ಹುಡುಗಿ ಮೇಲೆ ಕಣ್ಣಿಡೋಕಾಗಲಿಲ್ಲ ನಿನಗೆ,” ಎಂದು ಸಲಹೆಗಾರ್ತಿ ಒಳಗೆ ನಡೆದಳು.

ಮಗಳು ಮಂಚದ ಮೇಲೆ ಪುಸ್ತಕಗಳ ನಡುವೆ ಕೂತಿದ್ದಳು. ತೆರೆದ ಪುಟದ ಮೇಲೆ ಪೊಟ್ಟಣ ಬಿತ್ತು.

“ಏನಮ್ಮ ಇದು?”

“ನುಂಗು. ನನ್ನ ಕಣ್ಣೆದುರಿಗೇ ನುಂಗು.”

ಹುಡುಗಿ ಬಿಚ್ಚಿ ಓದಿದಳು. ಮುಖ ಬಿಳಿಚಿತು. “ಇದು... ಯಾರಿಗೆ?”

“ನಾಟಕ ಬೇಡ! ಇವತ್ತು ಫೋನ್ ಎತ್ತಿದ್ದು ಯಾರು ಅಂದ್ಕೊಂಡೆ? ನಿನ್ನಮ್ಮನೇ ಎತ್ತಿದ್ದು. ‘ನನಗೂ ಬೇಕಿತ್ತು’ ಅಂತೆ! ನಾಚಿಕೆ ಅನ್ನೋದು ಒಂದಿಷ್ಟಾದ್ರೂ ಇದೆಯಾ? ನಾಲ್ಕು ಜನರೆದುರು ನಾನು ತಲೆ ಎತ್ತಿ ಓಡಾಡಬೇಕಾ ಬೇಡವಾ?”

“ಅಮ್ಮ, ನಾನು ಯಾರಿಗೂ ಫೋನ್ ಮಾಡಿಲ್ಲ. ನನಗೆ ಯಾರೂ ಇಲ್ಲಮ್ಮ...” ಹುಡುಗಿಯ ದನಿ ಒಡೆಯಿತು.

“ಸುಳ್ಳು ಬೇರೆ!”

ಹೊರಗೆ ಯಂತ್ರದ ಸದ್ದು ನಿಂತಿತು. ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಹುಡುಗಿ “ದೊಡ್ಡಮ್ಮಾ” ಎಂದು ಅವಳ ಸೆರಗಿಗೆ ಮುಖ ಹುದುಗಿಸಿ ಅತ್ತಳು.

“ನೀನಾದ್ರೂ ಬುದ್ಧಿ ಹೇಳಕ್ಕ ಇವಳಿಗೆ!”

ಅಕ್ಕ ಹುಡುಗಿಯ ತಲೆ ಸವರಿದಳು. ಇನ್ನೊಂದು ಕೈಯಿಂದ ಪುಸ್ತಕದ ಮೇಲಿನ ಮಾತ್ರೆಯನ್ನು ಎತ್ತಿಕೊಂಡಳು.

“ಅವಳನ್ನ ಬಿಡು. ಫೋನ್ ಮಾಡಿದ್ದು ನಾನು ಕಣೇ. ಮನೇಲಿ ಕೇಳಿದ್ರೆ ನೀನು ಅಷ್ಟು ಮೆತ್ತಗೆ ಮಾತಾಡಲ್ಲ ಅಂತ ಗೊತ್ತಿತ್ತು.”