ಹಳದಿ ಇಳಿದ ನೀರು

ಸುಣ್ಣದ ಡಬ್ಬಿಯ ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತೇನೆ.

ಅಪ್ಪನಿಗೆ ಅರಸಿನ ಕಾಮಾಲೆಯಾಗಿತ್ತು. ಬೆಳ್ತಂಗಡಿಯ ಡಾಕ್ಟರರ ಮಾತ್ರೆ ನಡೆಯುತ್ತಿದ್ದರೂ ಅಜ್ಜಿ ಮಡಂತ್ಯಾರಿನಿಂದ ಮದ್ದಿನಜ್ಜನನ್ನು ಮನೆಗೆ ಕರೆಸಿದಳು. ಅವರು ಅಪ್ಪನ ಅಂಗೈಗೆ ಮಾವಿನ ಮರದ ಕೆತ್ತೆ, ಅಂದರೆ ತೊಗಟೆ, ಜಜ್ಜಿದ ರಸ ಸವರಿ, ಮಂತ್ರ ಹೇಳುತ್ತ ಸುಣ್ಣದ ತಿಳಿನೀರು ಹೊಯ್ದರು. ಕೆಳಗಿಟ್ಟ ಬಟ್ಟಲಿಗೆ ದಟ್ಟ ಹಳದಿ ಇಳಿಯಿತು.

"ನೋಡಿದೆಯಾ, ರೋಗ ಹೇಗೆ ಇಳಿಯುತ್ತದೆ!" ಎಂದಳು ಅಜ್ಜಿ.

ಅಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಾಗಿಲಿಗೆ ಒರಗಿ ನಿಂತಿದ್ದ ಅವಳ ತುಟಿಯ ಕೊಂಕು ಕಂಡು ನನಗೆ ಧೈರ್ಯ ಬಂತು.

"ನನ್ನ ಕೈಗೂ ಹೊಯ್ಯಿರಿ ಅಜ್ಜ. ನನಗೇನೂ ಕಾಯಿಲೆ ಇಲ್ಲ, ನೋಡುವ," ಎಂದೆ.

ಮದ್ದಿನಜ್ಜ ಅದೇ ರಸ ಸವರಿ, ಅದೇ ನೀರು ಹೊಯ್ದರು. ಅದೇ ಹಳದಿ ಇಳಿಯಿತು. ಗೆದ್ದೆನೆಂದು ನಾನು ಅಮ್ಮನ ಕಡೆ ತಿರುಗಿದೆ.

"ಇವಳಿಗೂ ಸುರು ಆಗಿತ್ತು, ಅಕ್ಕಾ. ಈಗಲೇ ತೆಗೆದದ್ದು ಒಳ್ಳೆಯದಾಯ್ತು," ಎಂದು ಅವರು ಅಜ್ಜಿಗೆ ಹೇಳಿದರು.

ಅಮ್ಮ ನಕ್ಕಳು. "ಕೆತ್ತೆಗೆ ಸುಣ್ಣ ಸೇರಿದರೆ ಬರುವ ಬಣ್ಣ ಮಗಳೇ ಅದು. ಬೇರೆ ಎಂತದೂ ಅಲ್ಲ."

ಆಮೇಲೆ ನನ್ನನ್ನು ಅಂಗಳದ ಬಿಸಿಲಿಗೆ ಎಳೆದುಕೊಂಡು ಹೋಗಿ, ಕೆಳರೆಪ್ಪೆ ಜಗ್ಗಿ, ಕಣ್ಣಿನ ಬಿಳಿಯನ್ನು ತುಂಬಾ ಹೊತ್ತು ನೋಡಿದಳು.