ಈಶಾನ್ಯ ಮೂಲೆ

ಅನಂತಶಯನರ ಬಚ್ಚಲಿಗೆ ಸುರಿದ ನೀರು ಮೂರು ದಿನದಿಂದ, ಹೊರಡಲು ಮನಸ್ಸಿಲ್ಲದ ನೆಂಟನಂತೆ ಅಲ್ಲೇ ನಿಂತಿತ್ತು. ಕಕ್ಕಸಿನದು ಒಂದು ಹೆಜ್ಜೆ ಮುಂದೆ. ಕಳಿಸಿದ್ದೆಲ್ಲ ವಾಪಸು ಬರುತ್ತಿತ್ತು. ಕೊನೆಗೆ ಗುಂಡಿ ಖಾಲಿ ಮಾಡುವ ಟ್ಯಾಂಕರ್ ತರಿಸಿದರು.

ಟ್ಯಾಂಕರಿನಿಂದಿಳಿದ ಮಾರಪ್ಪ ಗೇಟಿಗೆ ಕೈ ಹಾಕುವಷ್ಟರಲ್ಲಿ ಇವರು ತಡೆದರು.

“ಪಕ್ಕದ ಓಣಿಯಿಂದ ಬಾರಯ್ಯ. ಮಡಿ ಇರೋ ಮನೆ ಇದು. ಹೊಸಿಲು ದಾಟಬೇಡ, ಏನನ್ನೂ ಮುಟ್ಟಬೇಡ.”

“ಆಯ್ತು ಸ್ವಾಮಿ. ಗುಂಡಿ ಮುಚ್ಚಳ ಎಲ್ಲೈತೆ?”

“ಅದನ್ನ ಹುಡುಕೋದು ನಿನ್ನ ಕೆಲಸ. ನಾನು ಈ ಮನೆ ಕೊಂಡೋನು, ಕಟ್ಟಿಸಿದೋನಲ್ಲ.”

ಮಾರಪ್ಪ ಪೈಪಿನ ಜಾಡು ಹಿಡಿದು, ಹಾರೆಯಿಂದ ನೆಲ ಕುಟ್ಟುತ್ತಾ ಹಿತ್ತಲಿನ ಮೂಲೆಗೆ ಬಂದ. ಗೋಡೆ ಅಡ್ಡ ಬಂತು.

“ಈ ಕೋಣೆ ಆಮೇಲೆ ಕಟ್ಟಿಸಿದ್ದಾ ಸ್ವಾಮಿ?”

“ಹೂಂ, ನಾನೇ ಕಟ್ಟಿಸಿದ್ದು. ಈಶಾನ್ಯ ಮೂಲೆ, ವಾಸ್ತು ಪ್ರಕಾರ ಇದಕ್ಕಿಂತ ಪವಿತ್ರ ಜಾಗ ಇಲ್ಲ. ಅದೃಷ್ಟ ನೋಡು, ದೊಡ್ಡ ಕಾಂಕ್ರೀಟ್ ಚಪ್ಪಡಿ ಮೊದಲೇ ಹಾಕಿತ್ತು. ಅಡಿಪಾಯವನ್ನೇ ತೋಡಲಿಲ್ಲ!” ಅನಂತಶಯನರು ಎದೆಯುಬ್ಬಿಸಿದರು. “ಒಳಗೇನೋ ವಾಸನೆ ಅಂತ ನಮ್ಮವಳು ಮಾತ್ರ ಗೊಣಗ್ತಾಳೆ. ಊದಿನಕಡ್ಡಿ ನಾಲ್ಕು ಜಾಸ್ತಿ ಹಚ್ಚು ಅಂದಿದ್ದೀನಿ.”

ಮಾರಪ್ಪ ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಹೊಸಿಲಿನ ಹೊರಗೆ ಚಪ್ಪಲಿ ಬಿಟ್ಟು, ಹಾರೆಯನ್ನು ಹೆಗಲಿಗೇರಿಸಿಕೊಂಡ.

“ದೇವರ ಪಟ ಎಲ್ಲಾ ನೀವೇ ಎತ್ತಿಡ್ತೀರೋ ಸ್ವಾಮಿ, ಇಲ್ಲಾ ನಾನೇ ಎತ್ತಿಡ್ಲೋ?”